ಸದ್ದಿಲ್ಲದೆ ಕಳೆದುಹೋಗುವ ಸಾಲುಗಳು

“ಹಳೆಯ ರಿಜಿಸ್ಟರ್‌ಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದ್ದೇವೆ ಎನ್ನುತ್ತಾರೆ. ಎಲ್ಲವೂ ಸರಿಯಾಗಿ ಹೋಗಿದೆಯೆಂದು ಹೇಳುವವರು ಯಾರು?” ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಸಮಯದ ಅಭಾವದಿಂದ ಅಂದು ಉತ್ತರ ಎರಡೇ ವಾಕ್ಯಗಳಲ್ಲಿ ಮುಗಿದುಹೋಯಿತು. ಪ್ರಶ್ನೆ ಮಾತ್ರ ದೊಡ್ಡದು. ಆದ್ದರಿಂದ ಈ ಪುಟಗಳಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ನಾನೇ ಕಂಡ ಒಂದು ಘಟನೆಯನ್ನು ಹೇಳುತ್ತೇನೆ. ಧ್ವನಿಮುದ್ರಿಕೆಗಳ ಒಂದು ಸಂಗ್ರಹಾಲಯಕ್ಕೆ ನಾನು ಕೆಲವು ಕಾಲ ನೆರವಾಗುತ್ತಿದ್ದೆ. ಒಂದು ಬೆಳಿಗ್ಗೆ ಮಹಿಳೆಯೊಬ್ಬರ ಫೋನ್ ಬಂತು. ಅವರ ತಂದೆ ತತ್ವಪದ ಹಾಡುತ್ತಿದ್ದವರು, ತೀರಿಕೊಂಡು ವರ್ಷವಾಗುತ್ತ ಬಂದಿತ್ತು. “ವರ್ಷದ ತಿಥಿಯ ದಿನ ಅಪ್ಪನ ದನಿ ಮನೆಯಲ್ಲಿ ಕೇಳಬೇಕು ಮೇಡಂ. ನಿಮ್ಮಲ್ಲಿ ಒಂದು ಟೇಪು ಇರಬೇಕು” ಎಂದರು. ನಾನು ಗಣಕಯಂತ್ರದಲ್ಲಿ ಹುಡುಕಿದೆ. ಹೆಸರಿನಿಂದ ಹುಡುಕಿದೆ, ಊರಿನಿಂದ ಹುಡುಕಿದೆ, ವರ್ಷದಿಂದ ಹುಡುಕಿದೆ. ಇರಲಿಲ್ಲ. “ಕ್ಷಮಿಸಿ, ನಮ್ಮಲ್ಲಿ ಇದ್ದಂತಿಲ್ಲ” ಎಂದು ಫೋನ್ ಇಟ್ಟುಬಿಟ್ಟೆ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಸಂಗ್ರಹಾಲಯದ ಹಿರಿಯ ಸಹಾಯಕರು ಮೆಲ್ಲಗೆ ಹೇಳಿದರು: “ಮೇಡಂ, ಕಂಪ್ಯೂಟರಿನಲ್ಲಿ ಇಲ್ಲ ಅಂದ್ರೆ ಟೇಪೇ ಇಲ್ಲ ಅಂತ ಅಲ್ಲ. ಹಳೇ ರಿಜಿಸ್ಟರ್ ತೆಗೀತೀನಿ, ಇರಿ.” ಹತ್ತು ನಿಮಿಷದಲ್ಲಿ ಟೇಪು ಮೇಜಿನ ಮೇಲಿತ್ತು. ನಾನು ಆ ಮಹಿಳೆಗೆ ಮತ್ತೆ ಫೋನ್ ಮಾಡಿದೆ.

ಟೇಪು ಕಪಾಟಿನಲ್ಲಿತ್ತು, ರಿಜಿಸ್ಟರ್‌ನಲ್ಲಿತ್ತು, ಗಣಕಯಂತ್ರದಲ್ಲಿ ಮಾತ್ರ ಇರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಬಹಳ ಸಣ್ಣದು. ರಿಜಿಸ್ಟರನ್ನು ಸ್ಪ್ರೆಡ್‌ಶೀಟಿಗೆ ಏರಿಸಿದವರು ಶೀರ್ಷಿಕೆಯ ಮನೆಯೊಳಗೆ ಹಾಡುಗಾರರ ಹೆಸರನ್ನು ಒಂದು ಸಾಲಿನಲ್ಲಿ, ಊರನ್ನು ಅದರ ಕೆಳಗಿನ ಸಾಲಿನಲ್ಲಿ ಬರೆದಿದ್ದರು. ಕಣ್ಣಿಗೆ ಅದು ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಆದರೆ ಆ ಕಡತವನ್ನು ದಾಖಲೆ ತಂತ್ರಾಂಶಕ್ಕೆ ಆಮದು ಮಾಡಿಕೊಂಡ ಪ್ಲಗಿನ್ ಒಂದು ದಾಖಲೆಯನ್ನು ಎರಡೆಂದು ಓದಿತು. ಎರಡರಲ್ಲೂ ಅಂಕಣಗಳ ಸಂಖ್ಯೆ ಕಡಿಮೆ ಬಿತ್ತು. ಎರಡನ್ನೂ ಬಿಟ್ಟು ಮುಂದೆ ಹೋಯಿತು. ಕೊನೆಗೆ ಪರದೆಯ ಮೇಲೆ “ಆಮದು ಯಶಸ್ವಿಯಾಗಿದೆ” ಎಂದು ಬರೆಯಿತು. ಹೀಗೆ ಹನ್ನೊಂದು ಟೇಪುಗಳು ಕಾಣೆಯಾಗಿದ್ದವು. ಯಾರಿಗೂ ಗೊತ್ತಿರಲಿಲ್ಲ.

ಪ್ಲಗಿನ್ ಎಂದರೇನು? ಆಮದು ಎಂದರೇನು?

ಒಂದು ಸಂಸ್ಥೆಯ ತಿಳಿವಳಿಕೆಯನ್ನೆಲ್ಲ ಒಂದೆಡೆ ಬರೆದಿಟ್ಟು, ಹಲವರು ಸೇರಿ ತಿದ್ದಿ ಬೆಳೆಸಲು ಅನುವು ಮಾಡಿಕೊಡುವುದೇ ದಾಖಲೆ ತಂತ್ರಾಂಶ. ಇವುಗಳಲ್ಲಿ ‘ವಿಕಿ’ ಎಂಬ ಬಗೆ ನಿಮಗೆ ಪರಿಚಿತ. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಜನರ ಮುಂದಿಟ್ಟರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ ಎಂದರ್ಥ. ಜರ್ಮನಿಯ ಆಂಡ್ರಿಯಾಸ್ ಗೋರ್ 2004ರಲ್ಲಿ ಹೊರತಂದ ‘ಡೋಕುವಿಕಿ’ ಕಚೇರಿಗಳ ದಾಖಲೆಗಳಿಗೆಂದೇ ಹೇಳಿ ಮಾಡಿಸಿದಂಥದ್ದು. ಉಚಿತವಾಗಿ ಸಿಗುತ್ತದೆ. ಪ್ರತಿ ಪುಟವನ್ನೂ ಒಂದು ಸರಳ ಪಠ್ಯ ಕಡತವಾಗಿ ಇಟ್ಟುಕೊಳ್ಳುತ್ತದೆ.

ಇಂಥ ತಂತ್ರಾಂಶಕ್ಕೆ ಎಲ್ಲ ಕೆಲಸವೂ ಬರುವುದಿಲ್ಲ. ಬೇಕಾದ ಹೆಚ್ಚಿನ ಕೆಲಸಕ್ಕೆ ಒಂದು ತುಣುಕನ್ನು ಪಕ್ಕದಲ್ಲಿ ಸೇರಿಸಿಕೊಳ್ಳಬಹುದು. ಮಿಕ್ಸಿಗೆ ಬೇರೆ ಬೇರೆ ಜಾರ್ ಹಾಕುತ್ತೇವಲ್ಲ, ಹಾಗೆ. ಇದೇ ಪ್ಲಗಿನ್. ಡೋಕುವಿಕಿಗೆ ‘ಸ್ಟ್ರಕ್ಟ್’ ಎಂಬ ಒಂದು ಪ್ಲಗಿನ್ ಇದೆ. ಟೇಪಿನ ಸಂಖ್ಯೆ, ದಿನಾಂಕ, ಅವಧಿ ಮುಂತಾದ ಕಟ್ಟುನಿಟ್ಟಾದ ಮಾಹಿತಿಯನ್ನು ಪುಟಗಳಿಗೆ ಜೋಡಿಸಲು ಅದು ನೆರವಾಗುತ್ತದೆ. ಹೊರಗಿನ ಕಡತದಿಂದ ಇಂಥ ಮಾಹಿತಿಯನ್ನು ಒಟ್ಟಿಗೆ ಒಳಗೆ ತಂದುಕೊಳ್ಳುವುದೂ ಅದಕ್ಕೆ ಗೊತ್ತು. ಹೀಗೆ ಒಳತರುವುದೇ ಆಮದು.

ಆಮದಿಗೆ ಹೆಚ್ಚಾಗಿ ಬಳಸುವುದು ಸಿಎಸ್‌ವಿ ಎಂಬ ಕಡತ. ಒಂದು ದಾಖಲೆಗೆ ಒಂದು ಸಾಲು, ಮಾಹಿತಿಗಳ ನಡುವೆ ಅಲ್ಪವಿರಾಮ. ಇಷ್ಟೇ ಎಂದುಕೊಳ್ಳುತ್ತೇವೆ. ಆದರೆ ಶೀರ್ಷಿಕೆಯೊಳಗೇ ಅಲ್ಪವಿರಾಮ ಇದ್ದರೆ? ಆಗ ಆ ಭಾಗವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಉದ್ಧರಣ ಚಿಹ್ನೆಯೇ ಒಳಗೆ ಇದ್ದರೆ ಅದನ್ನು ಎರಡು ಬಾರಿ ಬರೆಯಬೇಕು. ಚಿಹ್ನೆಗಳೊಳಗೆ ಸಾಲು ಮುರಿದರೂ ಅದು ಒಂದೇ ದಾಖಲೆ. ಈ ಪದ್ಧತಿಗಳನ್ನು 2005ರಲ್ಲಿ ಒಂದು ಅಂತರಜಾಲ ದಾಖಲೆಯಾಗಿ ಬರೆದಿಡಲಾಯಿತು. ಆದರೆ ಸಿಎಸ್‌ವಿ ಅದಕ್ಕಿಂತ ಎಷ್ಟೋ ಹಳೆಯದು. ಆದ್ದರಿಂದ ಎಲ್ಲ ತಂತ್ರಾಂಶಗಳೂ ಅದನ್ನು ಒಂದೇ ರೀತಿ ಬರೆಯುವುದಿಲ್ಲ, ಒಂದೇ ರೀತಿ ಓದುವುದೂ ಇಲ್ಲ. ನಮ್ಮ ಹನ್ನೊಂದು ಟೇಪುಗಳು ಕಳೆದದ್ದು ಈ ಸಂದಿಯಲ್ಲಿಯೇ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯೊಳಗಿನ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ. ಆಮದು ಮುಗಿದ ಮೇಲೆ ನಾವು ಮಾಡುವುದೂ ಇದನ್ನೇ. ನಾಲ್ಕು ಪುಟ ತೆರೆದು ನೋಡಿ “ಸರಿಯಾಗಿದೆ” ಎನ್ನುತ್ತೇವೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದೊಂದು ಸಾಲೂ ಒಂದೊಂದು ಬಗೆ. ಸಾವಿರ ಸಾಲು ಸರಿಯಾಗಿ ಬಂದದ್ದು ಸಾವಿರದ ಒಂದನೆಯದಕ್ಕೆ ಸಾಕ್ಷಿಯಾಗದು. ಅಷ್ಟೇ ಅಲ್ಲ, ತಪ್ಪಾಗಿ ಬಂದದ್ದು ಕಣ್ಣಿಗೆ ಬೀಳುತ್ತದೆ, ಬಾರದೇ ಇದ್ದದ್ದು ಕಣ್ಣಿಗೆ ಬೀಳುವುದು ಹೇಗೆ?

ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೊಂದು ಪಾಠ ಹೇಳಿಕೊಟ್ಟಿದ್ದರು. ಅರಿಯದ ದ್ರಾವಣವನ್ನು ಅಳೆಯುವ ಮೊದಲು ಸಾಮರ್ಥ್ಯ ತಿಳಿದಿರುವ ದ್ರಾವಣವನ್ನು ಅಳೆದು ನೋಡಬೇಕು. ತಿಳಿದ ಉತ್ತರ ಬಂದರೆ ಮಾತ್ರ ವಿಧಾನವನ್ನು ನಂಬಬಹುದು. ತಂತ್ರಾಂಶದ ಪರೀಕ್ಷೆಯ ತಿರುಳೂ ಇದೇ. ಉತ್ತರ ಮೊದಲೇ ಗೊತ್ತಿರುವ ಒಂದು ಸಣ್ಣ ಕಡತವನ್ನು ಆಮದಿಗೆ ಕೊಡುವುದು, ಬಂದ ಉತ್ತರವನ್ನು ಗೊತ್ತಿರುವ ಉತ್ತರದೊಡನೆ ಹೋಲಿಸುವುದು.

ಇದನ್ನು ಪ್ರತಿ ಸಲವೂ ಮನುಷ್ಯರೇ ಮಾಡುತ್ತ ಕೂತರೆ ಮೂರನೆಯ ದಿನಕ್ಕೆ ಬೇಸರ ಬರುತ್ತದೆ. ಯಂತ್ರಕ್ಕೆ ಬೇಸರವಿಲ್ಲ. ಆದ್ದರಿಂದ ಪರೀಕ್ಷೆಯನ್ನೇ ಒಂದು ಪುಟ್ಟ ಪ್ರೋಗ್ರಾಮ್ ಆಗಿ ಬರೆದಿಡುತ್ತಾರೆ. ಇದೇ ಸ್ವಯಂಚಾಲಿತ ಪರೀಕ್ಷೆ. ಅದರಲ್ಲಿ ಮೂರು ಹಂತಗಳು. ಒಂದು, ಸಿದ್ಧತೆ: ಖಾಲಿ ತಾತ್ಕಾಲಿಕ ವಿಕಿ ಮತ್ತು ಮಾದರಿ ಕಡತ. ಎರಡು, ಕೆಲಸ: ಆಮದನ್ನು ನಡೆಸುವುದು. ಮೂರು, ಹೋಲಿಕೆ: ಐದು ದಾಖಲೆ ಬರಬೇಕಿತ್ತು, ಐದೇ ಬಂದವೇ? ಮೂರನೆಯದರ ಶೀರ್ಷಿಕೆ ಅಕ್ಷರ ಬಿಡದೆ ಇದೆಯೇ?

1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ಇಂಥ ಪರೀಕ್ಷೆಗಳಿಗೊಂದು ಚೌಕಟ್ಟು ರೂಪಿಸಿದರು. ಜಾವಾ ಭಾಷೆಯ ಆ ಚೌಕಟ್ಟಿನ ಹೆಸರು ಜೆಯುನಿಟ್. ಅದೇ ಕುಲದ ಪಿಎಚ್‌ಪಿಯುನಿಟ್ ಅನ್ನು ಜರ್ಮನಿಯ ಸೆಬಾಸ್ಟಿಯನ್ ಬರ್ಗ್‌ಮನ್ ಕಟ್ಟಿದರು. ಡೋಕುವಿಕಿ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ಆದ್ದರಿಂದ ಅದರ ಪ್ಲಗಿನ್‌ಗಳ ಪರೀಕ್ಷೆಗೂ ಇದೇ ಸಾಧನ. ಪರೀಕ್ಷೆಗಳೆಲ್ಲ ಪ್ಲಗಿನ್ನಿನ ಒಳಗೇ ಪ್ರತ್ಯೇಕ ಕಡತಕೋಶದಲ್ಲಿರುತ್ತವೆ. ಅವು ನಡೆಯುವಾಗ ನಿಜವಾದ ಪುಟಗಳನ್ನು ಮುಟ್ಟುವುದಿಲ್ಲ. ಬೇರೆಡೆ ತಾತ್ಕಾಲಿಕ ವಿಕಿಯೊಂದನ್ನು ಹೂಡಿ, ಕೆಲಸವಾದ ಮೇಲೆ ಬಿಡುತ್ತವೆ. ಒಂದು ಪರೀಕ್ಷೆ ತೇರ್ಗಡೆಯಾದರೆ ಪರದೆಯ ಮೇಲೆ ಒಂದು ಚುಕ್ಕೆ, ನಪಾಸಾದರೆ ‘ಎಫ್’ ಅಕ್ಷರ. ಎಲ್ಲಿ ಏನು ನಿರೀಕ್ಷೆ ಇತ್ತು, ಏನು ಬಂತು ಎಂಬ ವಿವರ ಅದರ ಕೆಳಗೆ.

ಯಾವ ಸಾಲುಗಳನ್ನು ಪರೀಕ್ಷಿಸಬೇಕು?

ಒಳ್ಳೆಯ ಪರೀಕ್ಷೆ ಒಳ್ಳೆಯ ಸಾಲುಗಳಿಂದ ಆಗುವುದಿಲ್ಲ. ತಂಟೆ ಮಾಡುವ ಸಾಲುಗಳನ್ನೇ ಹುಡುಕಿ ಕೊಡಬೇಕು. ಅಲ್ಪವಿರಾಮ, ಉದ್ಧರಣ ಚಿಹ್ನೆ, ಮುರಿದ ಸಾಲು ಇವುಗಳನ್ನು ಈಗಾಗಲೇ ನೋಡಿದೆವು. ಇನ್ನೂ ಕೆಲವು ಇಲ್ಲಿವೆ.

ಅತಿಬುದ್ಧಿಯ ತೊಂದರೆ. ಬೆಂಗಳೂರಿನ ದೂರವಾಣಿ ಸಂಕೇತ 080. ಆಮದು ಮಾಡುವ ತಂತ್ರಾಂಶ ಇದನ್ನು ಸಂಖ್ಯೆಯೆಂದು ಭಾವಿಸಿದರೆ ಮುಂದಿನ ಸೊನ್ನೆ ಹೋಗಿ 80 ಉಳಿಯುತ್ತದೆ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇದು ಹುಡುಗಾಟವಲ್ಲ. ಮನುಷ್ಯರ ಜೀನ್‌ಗಳಲ್ಲಿ ಕೆಲವಕ್ಕೆ ‘ಸೆಪ್ಟ್2’, ‘ಮಾರ್ಚ್1’ ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಇವನ್ನು ದಿನಾಂಕಗಳೆಂದು ತಿಳಿದು ತಾನಾಗಿ ಬದಲಾಯಿಸುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿಗಳನ್ನು ಜೋಡಿಸಿದ್ದ ವಿಜ್ಞಾನ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಉಳಿದಿದೆಯೆಂದು 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟರು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿ ಸೋತು ಹೆಸರುಗಳನ್ನೇ ಬದಲಿಸಿತು. ‘ಸೆಪ್ಟ್1’ ಹೋಗಿ ‘ಸೆಪ್ಟಿನ್1’ ಆಯಿತು. 2020ರಲ್ಲಿ ಸಮಿತಿ ಈ ಬಗ್ಗೆ ನಿಯಮಾವಳಿಯನ್ನೂ ಪ್ರಕಟಿಸಿತು.

ಕನ್ನಡದ ಪರೀಕ್ಷೆ. ಇಂಗ್ಲಿಷ್ ಮಾದರಿಗಳಲ್ಲಿ ತೇರ್ಗಡೆಯಾದ ಆಮದು ಕನ್ನಡದಲ್ಲಿ ಎಡವಬಹುದು. ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ್ಷ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು, ಒಟ್ಟು ಒಂಬತ್ತು ಬೈಟ್. ಶೀರ್ಷಿಕೆಯನ್ನು 100 ಬೈಟಿಗೆ ಕತ್ತರಿಸುವ ಪ್ಲಗಿನ್ ಇದೆಯೆನ್ನಿ. 33 ಸಂಕೇತಗಳಿಗೆ 99 ಬೈಟ್ ಆಯಿತು. 34ನೆಯದು ಮೂರರಲ್ಲಿ ಒಂದು ಪಾಲು ಮಾತ್ರ ಉಳಿದು, ಅದರ ಜಾಗದಲ್ಲಿ ಅರ್ಥವಿಲ್ಲದ ಗುರುತು ಕೂರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ‘ಕೋಲಾರ’ದ ‘ಕೋ’ ಅಕ್ಷರವನ್ನು ಎರಡು ಸಂಕೇತಗಳಲ್ಲೂ ಬರೆಯಬಹುದು, ಸ್ವರಚಿಹ್ನೆಯನ್ನು ಬಿಡಿಬಿಡಿಯಾಗಿ ಜೋಡಿಸಿ ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಆಮದಿನ ಹೊತ್ತಿನಲ್ಲೇ ಎರಡನ್ನೂ ಒಂದು ರೂಪಕ್ಕೆ ತರಬೇಕು. ತಂದಿದೆಯೇ ಎಂದು ಕೇಳುವ ಪರೀಕ್ಷೆಯೂ ಬೇಕು. ಯೂನಿಕೋಡ್ ಬರುವ ಮುಂಚೆ ಹಳೆಯ ಫಾಂಟ್ ಸಂಕೇತಗಳಲ್ಲಿ ಟೈಪು ಮಾಡಿಟ್ಟ ಕಡತಗಳು ನಮ್ಮ ಕಚೇರಿಗಳಲ್ಲಿ ಇನ್ನೂ ಇವೆ. ಅವನ್ನು ಪರಿವರ್ತಿಸದೆ ಆಮದು ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ಅಂಚಿನ ಪರೀಕ್ಷೆ. ಖಾಲಿ ಕಡತ ಕೊಟ್ಟರೆ ಏನಾಗುತ್ತದೆ? ಒಂದೇ ಸಾಲಿದ್ದರೆ? ಮಿತಿಗಿಂತ ಒಂದು ಸಾಲು ಹೆಚ್ಚಿದ್ದರೆ? 2020ರಲ್ಲಿ ಕೋವಿಡ್ ಹರಡಿದ್ದಾಗ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳಿಂದ ಬಂದ ಸಿಎಸ್‌ವಿ ಕಡತಗಳನ್ನು ಎಕ್ಸೆಲ್‌ನ ಹಳೆಯ ನಮೂನೆಗೆ ತುಂಬಿಸುತ್ತಿತ್ತು. ಆ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಮಿಕ್ಕವು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ಲೆಕ್ಕದಿಂದ ತಪ್ಪಿಹೋದರು. ಅವರಿಗೆ ತಮ್ಮ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. 65,537 ಸಾಲುಗಳ ಒಂದು ಮಾದರಿ ಕಡತ ಕೊಟ್ಟು ನೋಡಿದ್ದರೆ ಆ ತಪ್ಪು ಒಂದೇ ನಿಮಿಷದಲ್ಲಿ ಸಿಕ್ಕುತ್ತಿತ್ತು.

ಎರಡನೆಯ ಸಲದ ಪರೀಕ್ಷೆ. ಅದೇ ಕಡತವನ್ನು ಇನ್ನೊಮ್ಮೆ ಕೊಟ್ಟರೆ ದಾಖಲೆಗಳು ದುಪ್ಪಟ್ಟಾಗಬಾರದು. ಟೇಪಿನ ಸಂಖ್ಯೆಯಿಂದ ಗುರುತು ಹಿಡಿದು, ಇದ್ದದ್ದನ್ನೇ ತಿದ್ದಬೇಕು.

ಹೋಗಿ ಬರುವ ಪರೀಕ್ಷೆ. ಒಳಗೆ ತಂದದ್ದನ್ನು ಮತ್ತೆ ಹೊರಗೆ ಕಳಿಸಿ ಮೂಲದೊಡನೆ ಹೋಲಿಸಬೇಕು. ಬಹಳಷ್ಟು ತಪ್ಪುಗಳು ಈ ದಾರಿಯಲ್ಲೇ ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿರಾಕರಣೆಯ ಪರೀಕ್ಷೆ. ಕೆಟ್ಟ ಸಾಲು ಬಂದಾಗ ಪ್ಲಗಿನ್ ಸುಮ್ಮನೆ ನುಂಗಿಕೊಳ್ಳಬಾರದು. “47ನೆಯ ಸಾಲಿನಲ್ಲಿ ಎರಡು ಅಂಕಣ ಕಡಿಮೆ ಇವೆ” ಎಂದು ಹೇಳಬೇಕು. ಕೂಗುವ ತಪ್ಪಿಗೆ ಮದ್ದಿದೆ, ಮೌನದ ತಪ್ಪಿಗಿಲ್ಲ. ಹಾಗಾಗಿ ತಪ್ಪು ಕಡತವನ್ನು ಬೇಕೆಂದೇ ಕೊಟ್ಟು, ಪ್ಲಗಿನ್ ಕೂಗುತ್ತದೆಯೇ ಎಂದು ನೋಡುವುದೂ ಪರೀಕ್ಷೆಯೇ.

ಒಮ್ಮೆ ಪಾಸಾದರೆ ಸಾಲದೇ?

ನೀವು ಕೇಳಬಹುದು: ಒಮ್ಮೆ ಎಲ್ಲ ಸರಿಯಾಗಿದೆಯೆಂದ ಮೇಲೆ ಮತ್ತೆ ಮತ್ತೆ ಪರೀಕ್ಷೆ ಏಕೆ? ಪ್ಲಗಿನ್ ಬದಲಾಗದಿದ್ದರೂ ಅದರ ಕೆಳಗಿನ ನೆಲ ಬದಲಾಗುತ್ತದೆ. ಉದಾಹರಣೆಗೆ ಪಿಎಚ್‌ಪಿ ಭಾಷೆಯನ್ನೇ ತೆಗೆದುಕೊಳ್ಳೋಣ. ಸೊನ್ನೆಯನ್ನೂ ‘ಇಲ್ಲ’ ಎಂಬಂಥ ಪದವನ್ನೂ ಸಡಿಲವಾಗಿ ಹೋಲಿಸಿದರೆ ಹಳೆಯ ಆವೃತ್ತಿಗಳು “ಎರಡೂ ಸಮ” ಎನ್ನುತ್ತಿದ್ದವು. 2020ರ ನವೆಂಬರಿನಲ್ಲಿ ಬಂದ 8ನೆಯ ಆವೃತ್ತಿ “ಸಮವಲ್ಲ” ಎನ್ನುತ್ತದೆ. ಹೊಸ ನಡೆಯೇ ಸರಿ. ಆದರೆ ಹಳೆಯ ನಡೆಯನ್ನು ನಂಬಿ ಬರೆದ ಆಮದು, ಒಂದಕ್ಷರ ಬದಲಾಗದೆಯೂ, ಬೇರೆ ಉತ್ತರ ಕೊಡತೊಡಗುತ್ತದೆ.

ಆದ್ದರಿಂದ ಪ್ಲಗಿನ್ನಿನಲ್ಲಿ ಯಾರಾದರೂ ಒಂದು ಸಾಲು ತಿದ್ದಿದರೂ ಎಲ್ಲ ಪರೀಕ್ಷೆಗಳೂ ತಾವಾಗಿ ನಡೆಯುವಂತೆ ಏರ್ಪಾಡು ಮಾಡುತ್ತಾರೆ. ಪಿಎಚ್‌ಪಿಯ ಬೇರೆ ಬೇರೆ ಆವೃತ್ತಿಗಳ ಮೇಲೆ ಒಂದೇ ಸಲ ನಡೆಸುವುದೂ ಉಂಟು. ಒಂದು ಪರೀಕ್ಷೆ ನಪಾಸಾದರೂ ತಿದ್ದುಪಡಿ ಬಳಕೆದಾರರನ್ನು ತಲುಪುವ ಮುನ್ನವೇ ತಡೆದು ನಿಲ್ಲಿಸಬಹುದು.

ಪರೀಕ್ಷೆಗೂ ಮಿತಿಯುಂಟು

ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದು, ತಪ್ಪೇ ಇಲ್ಲವೆಂದು ತೋರಿಸಲಾಗದು ಎಂಬ ಅರ್ಥದ ಮಾತನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೇಳಿದ್ದಾರೆ. ನಾವು ಊಹಿಸದ ಸಾಲು ಯಾವಾಗಲೂ ಒಂದು ಉಳಿದೇ ಇರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪರೀಕ್ಷೆಯಲ್ಲಿ “ಸರಿಯಾದ ಉತ್ತರ” ಎಂದು ಬರೆದಿಡುವವರು ಯಾರು? ಅವಸರದ ಪ್ರೋಗ್ರಾಮರ್ ಒಬ್ಬರು ಪ್ಲಗಿನ್ ಕೊಟ್ಟ ಉತ್ತರವನ್ನೇ ನಕಲು ಮಾಡಿ “ಇದೇ ಸರಿ” ಎಂದು ಬರೆದರೆಂದುಕೊಳ್ಳಿ. ಪರೀಕ್ಷೆ ಎಂದೆಂದಿಗೂ ಪಾಸಾಗುತ್ತದೆ, ತಪ್ಪನ್ನು ಕಾವಲುಗಾರನಂತೆ ಕಾಯುತ್ತದೆ. ಸರಿಯಾದ ಉತ್ತರ ಯಂತ್ರದಿಂದ ಬರಬಾರದು. ಆ ಮಾಹಿತಿಯನ್ನು ಬಲ್ಲವರಿಂದ ಬರಬೇಕು. ನಡೆಸುವ ಕೆಲಸ ಯಂತ್ರದ್ದು, ಸರಿ ಯಾವುದೆಂದು ಹೇಳುವ ಕೆಲಸ ಮನುಷ್ಯರದು.

ನಮ್ಮ ಸಂಗ್ರಹಾಲಯದಲ್ಲಿ ಮುಂದೆ ಆದದ್ದೂ ಹೀಗೆಯೇ. ಆ ಹಿರಿಯ ಸಹಾಯಕರು ಹಳೆಯ ರಿಜಿಸ್ಟರ್ ಮುಂದಿಟ್ಟುಕೊಂಡು ಕಳೆದುಹೋದ ಹನ್ನೊಂದೂ ಟೇಪುಗಳ ವಿವರವನ್ನು ಒಂದೊಂದಾಗಿ ಓದಿ ಹೇಳಿದರು. ಪ್ಲಗಿನ್ ತಿದ್ದಲು ಬಂದಿದ್ದ ಯುವಕ ಬರೆದುಕೊಂಡ. ಆ ಹನ್ನೊಂದು ಸಾಲುಗಳೇ ಮೊದಲ ಮಾದರಿ ಕಡತವಾದವು. ಮೊದಲು ಪರೀಕ್ಷೆ ನಡೆಸಿದಾಗ ಹನ್ನೊಂದೂ ನಪಾಸು. ಆಮೇಲೆ ಪ್ಲಗಿನ್ ತಿದ್ದಿದ. ಹನ್ನೊಂದೂ ಪಾಸು. ಕ್ರಮ ಇದೇ ಇರಬೇಕು. ನಪಾಸಾಗುವುದನ್ನು ನಾವು ಒಮ್ಮೆಯೂ ನೋಡದ ಪರೀಕ್ಷೆ ನಿಜಕ್ಕೂ ಏನನ್ನಾದರೂ ಹಿಡಿಯುತ್ತದೆಯೇ ಎಂಬುದೇ ತಿಳಿಯದು. ಅಂದಿನಿಂದ ಯಾರಿಗೆ ಯಾವ ದಾಖಲೆ ಸಿಗದಿದ್ದರೂ ಅದರ ಸಾಲು ಆ ಮಾದರಿ ಕಡತಕ್ಕೆ ಸೇರುವ ಪದ್ಧತಿ ಬಂತು. ಒಮ್ಮೆ ಆದ ತಪ್ಪು ಎರಡನೆಯ ಸಲ ಆಗಬಾರದು ಎಂಬುದಷ್ಟೇ ಅದರ ಉದ್ದೇಶ.

ನೀವೇನು ಮಾಡಬಹುದು?

ಪ್ರೋಗ್ರಾಮ್ ಬರೆಯಲು ಬಾರದವರೂ ಇದರಲ್ಲಿ ಪಾಲ್ಗೊಳ್ಳಬಹುದು. ನಿಮ್ಮ ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ, ಊರಿನ ಗ್ರಂಥಾಲಯದ ಸೂಚಿ ಯಾವುದಾದರೂ ಗಣಕಯಂತ್ರಕ್ಕೆ ಹೋಗುತ್ತಿದ್ದರೆ ನಾಲ್ಕು ಕೆಲಸ ಮಾಡಿ. ಆಮದಿಗೆ ಮೊದಲು ದಾಖಲೆಗಳನ್ನು ಎಣಿಸಿ, ಆದ ಮೇಲೂ ಎಣಿಸಿ. ಎರಡೂ ತಾಳೆಯಾಗಬೇಕು. ಅತಿ ಉದ್ದದ ಹೆಸರು, ಒತ್ತಕ್ಷರಗಳ ಊರು, ಸೊನ್ನೆಯಿಂದ ಶುರುವಾಗುವ ಸಂಖ್ಯೆ, ಖಾಲಿ ಬಿಟ್ಟ ಮನೆ, ಹೀಗೆ ತಂಟೆಯ ಹತ್ತು ಸಾಲು ಆರಿಸಿ, ಅವು ಹೇಗೆ ಕಾಣಬೇಕೆಂದು ಕಾಗದದ ಮೇಲೆ ಬರೆದುಕೊಡಿ. ತಂತ್ರಾಂಶ ಮಾಡಿಕೊಡುವವರನ್ನು “ಈ ಹತ್ತಕ್ಕೂ ಪರೀಕ್ಷೆ ಬರೆದಿದ್ದೀರಾ? ತೋರಿಸಿ” ಎಂದು ಸಂಕೋಚವಿಲ್ಲದೆ ಕೇಳಿ. ಕೊನೆಯದಾಗಿ, ಹಳೆಯ ರಿಜಿಸ್ಟರನ್ನು ರದ್ದಿಗೆ ಹಾಕಬೇಡಿ.

ಆ ಮಹಿಳೆ ಟೇಪಿನ ಪ್ರತಿಯನ್ನು ಒಯ್ಯಲು ತಾವೇ ಬಂದಿದ್ದರು. ಹಾಡು ಶುರುವಾಗುವ ಮೊದಲು ಅವರ ತಂದೆ ತಂಬೂರಿ ಶ್ರುತಿ ಮಾಡುತ್ತ ಯಾರನ್ನೋ “ನೀರು ತಗೊಂಬಾರವ್ವ” ಎಂದು ಕೇಳಿದ್ದು ಕೂಡ ಅದರಲ್ಲಿತ್ತು. “ಅದು ನನಗೇ ಹೇಳಿದ್ದು” ಎಂದರು ಆಕೆ. ಒಂದು ಮನೆಯೊಳಗೆ ಮುರಿದ ಒಂದು ಸಾಲಿನಿಂದ ಆ ಮಾತು ಕಪಾಟಿನ ಕತ್ತಲಲ್ಲೇ ಉಳಿದುಬಿಡುತ್ತಿತ್ತು.